ಕರೆದಾಗ ತಿರುಗಿದವಳು

"ಇವತ್ತ ಅತ್ತಿ ಮುಂದ ಎಲ್ಲಾ ಹೇಳಿಬಿಡ್ತೀನಿ" ಎಂದು ಜಯಂತ ಹೇಳಿದಾಗ ಬಸವ್ವನಿಗೆ ಹಗುರವಾಗಬೇಕಿತ್ತು. ಸ್ಯಾನ್ ಡಿಯೇಗೊ ಪಕ್ಕದ ಪೊವೇ ಬಿಟ್ಟು ಉತ್ತರಕ್ಕೆ ಹೊರಟ ಕಾರು ಆಗಷ್ಟೇ ಫ್ರೀವೇ ಹತ್ತಿತ್ತು. ಮರುಭೂಮಿಯ ಕಡೆಯಿಂದ ಬೀಸುವ ಅಕ್ಟೋಬರಿನ ಒಣಗಾಳಿ ಕಾರನ್ನು ಒಂದೇ ಪಕ್ಕಕ್ಕೆ ತಳ್ಳುತ್ತಿದ್ದುದರಿಂದ ಅವಳು ಸ್ಟೀರಿಂಗನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿದ್ದಳು. ಈ ಮಾತಿಗಾಗಿ ಅವಳು ಕಾಯುತ್ತಿದ್ದಾಳೆಂದೇ ಅವನು ತಿಳಿದಿದ್ದ. ಹೇಳಿದ ಮೇಲೆ, ಬಹಳ ದಿನದ ಸಾಲ ತೀರಿಸಿದವನ ಹಾಗೆ ಸೀಟಿಗೆ ಒರಗಿ ಅವಳ ಮುಖ ನೋಡಿದ. ಅವಳಿಗೆ ಆದದ್ದೇ ಬೇರೆ. ತಾನು ಬೆಳೆದ ಆಶ್ರಮದ ಊಟದ ಸಾಲಿನಲ್ಲಿ ಕೂತು ಇನ್ನೂ ಉಣ್ಣುತ್ತಿರುವಾಗಲೇ ಯಾರೋ ಎದುರಿನಿಂದ ಕೈ ಚಾಚಿ ತಟ್ಟೆ ಎಳೆದುಕೊಂಡಂತಾಯಿತು. ಎಳೆದವನು ತಾನು ಪ್ರೀತಿಸುವ ಮನುಷ್ಯ. ಎಳೆದದ್ದು ತನ್ನ ಒಳ್ಳೆಯದಕ್ಕೇ. ಅಷ್ಟಕ್ಕೂ ಅದು ತನ್ನ ತಟ್ಟೆಯಲ್ಲ. ಇಷ್ಟೆಲ್ಲ ಗೊತ್ತಿದ್ದೂ ಹೊಟ್ಟೆಯಲ್ಲಿ ಹಸಿವಿನಂಥದ್ದೇನೋ ಎದ್ದು ನಿಂತಿತ್ತು, ಅದರ ಹಿಂದೆಯೇ ನಾಚಿಕೆಯೂ.

"ಮುಂದಿನ ತಿಂಗಳ ಮದುವಿ" ಎಂದ ಜಯಂತ. "ಸತ್ತ ಹುಡುಗಿ ಹೆಸರಲೆ ನಿನ್ನ ಮನಿ ತುಂಬಿಸ್ಕೊಳ್ಳಾಕ ನನಗ ಆಗಂಗಿಲ್ಲ, ಬಸು. ಎರಡು ವರ್ಷ ನೀ ಸುಮ್ನಿದ್ದಿ. ನಾ ಅದನ್ನ ಭಾಳ ಸಸಾರ ಮಾಡಿದೆ."

"ಅವರಿಗೆ ಏನರ ಆದ್ರ?" ಎಂದಳು. ಅವನನ್ನು 'ನೀ' ಎನ್ನಲು ಅವಳಿಗೆ ಇನ್ನೂ ಬಾಯಿ ಬರುತ್ತಿರಲಿಲ್ಲ. "ನೀವು ಸ್ವಲ್ಪ ದಿವಸ ತಡೀರಿ. ಮದುವಿ ಆಗಲಿ."

"ಏನೂ ಆಗಂಗಿಲ್ಲ. ಅತ್ತಿ ಗಟ್ಟಿ ಅದಾಳ."

ಗೌರಾಬಾಯಿ ಜಯಂತನ ತಂದೆಯ ತಂಗಿ, ಕರೇಕಲ್ಲಿನ ದೇಸಾಯರ ವಾಡೆಯಲ್ಲಿ ಬೆಳೆದವರು. ಡಾಕ್ಟರ ಗಂಡನೊಡನೆ ಲಾಸ್ ಏಂಜಲೀಸಿಗೆ ಬಂದು, ಈಗ ಗಂಡನೂ ಇಲ್ಲದೆ, ಗುಡ್ಡದ ಮೇಲಿನ ಹಳೆಯ ಮನೆಯಲ್ಲಿ ಇದ್ದರು. ಅವರ ಒಬ್ಬಳೇ ಮಗಳು ಸಿಂಧೂರ, ಆರು ವರ್ಷದವಳಿದ್ದಾಗ, ಬೇಸಿಗೆಗೆಂದು ಕರೇಕಲ್ಲಿಗೆ ಹೋದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಬದುಕಿದ್ದರೆ ಸೋದರಮಾವನ ಮಗ ಜಯಂತನಿಗೇ ಬರಬೇಕಾದವಳು. ತೊಟ್ಟಿಲಲ್ಲಿದ್ದಾಗಲೇ ಹಿರಿಯರು ಮಾತಾಡಿಕೊಂಡಿದ್ದರು. ಜಯಂತ ಮೊದಲ ಸಲ ಬಸವ್ವನನ್ನು ಮನೆಗೆ ಕರೆದುಕೊಂಡು ಹೋದ ದಿನದಿಂದ ಗೌರಾಬಾಯಿ ಅವಳನ್ನು 'ಸಿಂಧೂ' ಎಂದೇ ಕರೆಯತೊಡಗಿದ್ದರು. ಗಂಡ ಹೋದ ಮೇಲೆ ಮುದುಕಿಗೆ ಸ್ವಲ್ಪ ಹಿಂದುಮುಂದಾಗಿದೆ ಎಂದು ಎಲ್ಲರೂ ತಿಳಿದರು. "ನೀ ಉತ್ತರ ಕೊಡಬ್ಯಾಡ, ಸುಮ್ಮನ ನಕ್ಕುಬಿಡು" ಎಂದು ಜಯಂತ ಅವತ್ತು ಹಿಂದಿರುಗುವ ದಾರಿಯಲ್ಲಿ ಅವಳ ಕೈ ಹಿಡಿದು ಕೇಳಿಕೊಂಡಿದ್ದ. ಅವಳು ಆಗಲಿ ಎಂದಿದ್ದಳು. ಅವನು ಇಲ್ಲದಾಗ ತಾನು ನಕ್ಕು ಸುಮ್ಮನಿರುತ್ತಿರಲಿಲ್ಲ ಎಂಬುದನ್ನು ಹೇಳಿರಲಿಲ್ಲ.

ಸುಳ್ಳು ಅವಳಿಗೆ ಹೊಸದೇನಲ್ಲ. ಜಯಂತ ಅವಳಿಗೆ ಸಿಕ್ಕಿದ್ದೇ ಒಂದು ಸುಳ್ಳಿನ ಮೂಲಕ. ಪೊವೇಯ ಶಾಲೆಯೊಂದರ ಊಟದ ಹಾಲ್‌ನಲ್ಲಿ ಕನ್ನಡದವರು ಸೇರಿ ಮಾಡಿದ್ದ ಯುಗಾದಿ. ಅವಳು ಹೋಳಿಗೆ ಬಡಿಸುತ್ತಿದ್ದಳು. ಬೆಂಗಳೂರಿನ ಆಂಟಿಯೊಬ್ಬರು, "ನಿಮ್ಮ ಫಾದರ್ ಏನ್ ಮಾಡ್ತಾರಮ್ಮಾ?" ಎಂದು ಕೇಳಿದರು. ಆ ಪ್ರಶ್ನೆ ಬಂದಾಗಲೆಲ್ಲ ಬಾಯಿ ತಾನಾಗಿ ಒಬ್ಬ ಅಪ್ಪನನ್ನು ಹುಟ್ಟಿಸಿಕೊಡುತ್ತಿತ್ತು. ಗದಗಿನಲ್ಲಿ ಹೈಸ್ಕೂಲ್ ಮಾಸ್ತರ್, ಈಗ ರಿಟೈರ್ ಆಗಿದಾರೆ ಎಂದಳು. ಆ ಅಪ್ಪನಿಗೆ ಬಿಳಿ ಟೋಪಿಯನ್ನೂ ಸ್ವಲ್ಪ ಮಂಡಿನೋವನ್ನೂ ಕೊಟ್ಟಳು. ಹಾಲ್‌ನ ಇನ್ನೊಂದು ತುದಿಗೆ ಹೋದಾಗ ಮತ್ತೊಬ್ಬರು ಕೇಳಿದರು. ಅಲ್ಲಿ ಅಪ್ಪ ಬಾಗಲಕೋಟೆಯ ಬ್ಯಾಂಕಿನಲ್ಲಿದ್ದ. ಊಟ ಮುಗಿದು ಅವಳು ಪಾರ್ಕಿಂಗ್ ಲಾಟ್‌ಗೆ ಬಂದಾಗ, ಎರಡೂ ಟೇಬಲ್ಲಿನ ಹತ್ತಿರ ಕಂಡಿದ್ದ ಎತ್ತರದ ಮನುಷ್ಯ ತನ್ನ ಕಾರಿನ ಪಕ್ಕದಲ್ಲಿ ನಿಂತಿದ್ದ. ಬಹಳ ಮರ್ಯಾದೆಯಿಂದ, ತಲೆ ಸ್ವಲ್ಪ ಬಾಗಿಸಿ, "ನಿಮ್ಮ ತಂದೀಯವರು ಇಬ್ಬರೂ ಆರಾಮ ಅದಾರೇನ್ರಿ?" ಎಂದು ಕೇಳಿದ. ಅವಳ ಕಿವಿ ಬಿಸಿಯಾಯಿತು. ಅವನು ನಗುತ್ತಿರಲಿಲ್ಲ. "ನನಗ ಒಬ್ಬರ ಇದ್ರು. ಮಾತ ಆಡತಿರಲಿಲ್ಲ. ನಿಮ್ಮವರಾಗ ಒಬ್ಬರನ್ನ ನನಗ ಕೊಟ್ಟಿದ್ರ ಚಲೋ ಇತ್ತು" ಎಂದ. ಅವಳು ಬಿಸಿಲಿನಲ್ಲಿ ನಿಂತು ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ. ಹಳೆಯ ಮರದ ಮನೆಗಳು ಭೂಕಂಪಕ್ಕೆ ಜಾರದಂತೆ ಅಡಿಪಾಯಕ್ಕೆ ಬಿಗಿಸುವ ಎಂಜಿನಿಯರು ಅವನು. ಸ್ಯಾನ್ ಡಿಯೇಗೊದಲ್ಲೂ ಅಂಥ ಮನೆಗಳಿದ್ದವು. ಅವಳ ಹತ್ತಿರ ಇರಲೆಂದು ಅಲ್ಲಿಯ ಕೆಲಸವನ್ನೆಲ್ಲ ಆಮೇಲೆ ಅವನೇ ಕೇಳಿ ಹಾಕಿಸಿಕೊಂಡ.

ದಾರಿಯಲ್ಲಿ ಸಿಗುವ ಡೈಮಂಡ್ ಬಾರ್ ಊರಿನ ಗುಡ್ಡಗಳು ಒಣಗಿ ಸಿಂಹದ ಮೈಬಣ್ಣಕ್ಕೆ ತಿರುಗಿದ್ದವು. ಗಾಳಿಗೆ ಹುಲ್ಲು ಮಲಗಿ ಏಳುವಾಗ ಇಡೀ ಗುಡ್ಡ ಉಸಿರಾಡಿದಂತೆ ಕಂಡಿತು. ಅವಳಿಗೆ ಇದ್ದಕ್ಕಿದ್ದಂತೆ ಹಗೇವಿನ ನೆನಪಾಯಿತು. ವಾಡೆಯ ಹಿತ್ತಿಲಲ್ಲಿ ನೆಲದಡಿ ಜೋಳ ತುಂಬಿಡುವ ಆಳದ ಕಣಜ; ಬಾಯಿಯ ಕಲ್ಲು ಸರಿಸಿ ಬಗ್ಗಿ ನೋಡಿದರೆ ಕೆಳಗಿನಿಂದ ಬೆಚ್ಚಗಿನ, ಹುಳಿ ಮಣ್ಣಿನ ಗಾಳಿ ಮುಖಕ್ಕೆ ಬಡಿಯುತ್ತದೆ; 'ಕೂ' ಎಂದರೆ ಸ್ವಲ್ಪ ತಡೆದು, ಬೇರೆ ಯಾರದೋ ದನಿಯಲ್ಲಿ, ಹಿಂದಕ್ಕೆ ಬರುತ್ತದೆ. ಅವಳು ಬ್ರೇಕ್ ಮೇಲೆ ಕಾಲಿಟ್ಟಳು. ಬಸವ್ವ ಹುಟ್ಟಿದಂದಿನಿಂದ ಒಂದು ಹಗೇವನ್ನೂ ನೋಡಿರಲಿಲ್ಲ. ಮಠದ ದಾಸೋಹದ ಕಟ್ಟೆಯ ಮೇಲೆ ಬಸವ ಜಯಂತಿಯ ದಿನ ಯಾರೋ ಬಿಟ್ಟುಹೋದ ಕೂಸು ಅವಳು. ಅದಕ್ಕೇ ಆ ಹೆಸರು. ಬೆಳೆದದ್ದು ಮಠದ ಹೆಣ್ಣುಮಕ್ಕಳ ಆಶ್ರಮದಲ್ಲಿ. ಅಲ್ಲಿ ಜೋಳ ಲಾರಿಯಲ್ಲಿ ಬರುತ್ತಿತ್ತು, ಸಿಮೆಂಟಿನ ಕೋಣೆಯಲ್ಲಿ ಇರುತ್ತಿತ್ತು. ಹಗೇವಿಗೆ ಬಗ್ಗಿ 'ಕೂ' ಎಂದಿದ್ದು ಸಿಂಧೂರ. ಗೌರಾಬಾಯಿ ಹೇಳಿದ್ದರು, ಒಂದೇ ಒಂದು ಸಲ. ಹೇಳುವಾಗ ಅವರು ಬೆಚ್ಚಗಿನ ಗಾಳಿಯ ಮಾತೆತ್ತಿರಲಿಲ್ಲ.

"ಯಾಕ, ಏನಾತು?"

"ಗಾಳಿ" ಎಂದಳು.

ವೆಸ್ಟ್ ಕೊವಿನಾದಲ್ಲಿ ಸಿದ್ದಲಿಂಗಯ್ಯನವರನ್ನು ಹತ್ತಿಸಿಕೊಂಡರು. ಗೌರಾಬಾಯಿಯ ತವರಿನಲ್ಲಿ ಪೂಜೆ ಮಾಡಿಕೊಂಡಿದ್ದ ಅಯ್ಯನವರ ಮನೆತನ ಅವರದು. ಇಲ್ಲಿಗೆ ಬಂದು ನಾಲ್ಕು ದಶಕವಾಗಿ, ಸ್ವಂತ ಮನೆ, ಈಜುಕೊಳ, ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮೊಮ್ಮಕ್ಕಳು ಎಲ್ಲ ಆಗಿದ್ದರೂ ಜಯಂತನನ್ನು ಕಂಡರೆ ಇಂದಿಗೂ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು. ಮದುವೆಯ ಶಾಸ್ತ್ರ ಮಾಡಿಸಬೇಕಾದವರೂ ಅವರೇ. ಆ ಮಾತಿಗಾಗಿಯೇ ಇವತ್ತು ಬರುತ್ತಿದ್ದುದು. ದಾರಿಯಲ್ಲಿ ಪೆಟ್ರೋಲ್ ಹಾಕಲೆಂದು ನಿಲ್ಲಿಸಿದಾಗ ಜಯಂತ ಇಳಿದುಹೋದ. ಹಿಂದಿನ ಸೀಟಿನಿಂದ ಅಯ್ಯನವರು ಮುಂದೆ ಬಗ್ಗಿದರು.

"ಸಣ್ಣ ಧಣಿ ಏನೋ ಹೇಳತೀನಿ ಅಂತ ಫೋನಿನ್ಯಾಗ ಅಂದ್ರು. ನೀವು ಬ್ಯಾಡ ಅನ್ರಿ ತಂಗಿ. ಬಾಯಿಸಾಹೇಬರು ನಿಮ್ಮನ್ನ ಮಗಳಂದ್ರ ನಿಮಗೇನ ಹೋಗೂದೈತಿ? ಯಾರಿಗೆ ಸಿಗತೈತಿ ಇಂಥಾ ಭಾಗ್ಯ. ಮಠದ ಅನ್ನ ಉಂಡು ಬೆಳದಾವ್ರು ನೀವು, ತಿಳದಾವ್ರು."

ಅವರ ದನಿಯಲ್ಲಿ ಚೂರೂ ಕೆಟ್ಟತನವಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಬಸವ್ವ ಕನ್ನಡಿಯಲ್ಲಿ ಅವರ ವಿಭೂತಿಯ ಹಣೆ ನೋಡುತ್ತ, "ಹೌದ್ರಿ" ಎಂದಳು. ಅವಮಾನವಾಯಿತು ಎಂದು ಅವಳು ಸಿಟ್ಟಾಗಬೇಕಿತ್ತು. ಆದರೆ ಆ ಕ್ಷಣ ಅವಳಿಗೆ ಬೇಕಾಗಿದ್ದದ್ದು ಇದೇ ಮಾತು. ಬೇರೆ ಯಾರಾದರೂ ಜಯಂತನನ್ನು ತಡೆಯಲಿ ಎಂದೇ ಅವಳು ಪೊವೇಯಿಂದ ಇಲ್ಲಿಯವರೆಗೆ ಒಳಗೊಳಗೇ ಬೇಡುತ್ತ ಬಂದಿದ್ದಳು. ಅವರ ಕರುಣೆಯನ್ನು ತಿರಸ್ಕರಿಸಲೂ ಆಗದೆ, ಉಪಯೋಗಿಸಿಕೊಳ್ಳಲೂ ಆಗದೆ, ಜಯಂತ ಬಂದು ಬಾಗಿಲು ಹಾಕಿಕೊಳ್ಳುವವರೆಗೂ ಕನ್ನಡಿಯನ್ನು ಸರಿಮಾಡುತ್ತ ಕೂತಳು.

ಡೌನ್‌ಟೌನ್ ದಾಟಿದ ಮೇಲೆ ಬರುವ ಆ ಗುಡ್ಡದ ಬೀದಿಯಲ್ಲಿ ವಿಕ್ಟೋರಿಯಾ ಕಾಲದ ಮರದ ಮನೆಗಳು ಸಾಲಾಗಿ ಉಳಿದುಕೊಂಡಿದ್ದವು. ಮೊನಚು ಗೋಪುರ, ಕೆತ್ತಿದ ಕಂಬ, ಮೀನಿನ ಹುರುಪೆಯಂಥ ಹಲಗೆಗಳು. ಪ್ರವಾಸಿಗಳು ಬಂದು ಫೋಟೊ ಹೊಡೆಯುತ್ತಿದ್ದರು. ಸಿನಿಮಾದವರು ದೆವ್ವದ ಮನೆಯೆಂದು ತೋರಿಸಲು ಬಾಡಿಗೆ ಕೇಳುತ್ತಿದ್ದರು. ಗೌರಾಬಾಯಿಯ ಗಂಡ ಈ ಬೀದಿ ಕೆಟ್ಟುಹೋಗಿದ್ದ ಕಾಲದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅಂಥದ್ದೊಂದು ಮನೆ ಕೊಂಡದ್ದು, ಹೆಂಡತಿಗೆ ವಾಡೆಯ ನೆನಪು ಬರಲಿ ಎಂದು. ಒಳಗೆ ಹೋದರೆ ಎಣ್ಣೆ ಹಚ್ಚಿದ ಮರದ ವಾಸನೆ, ಮೆಟ್ಟಿಲ ತಿರುವಿನಲ್ಲಿ ಬಣ್ಣದ ಗಾಜಿನ ದೊಡ್ಡ ಕಿಟಕಿ. ಮಧ್ಯಾಹ್ನದ ಹೊತ್ತು ಆ ಗಾಜಿನ ಕೆಂಪು ಬೆಳಕು ನೆಲದ ಮೇಲೆ ಬಿದ್ದು ನಿಧಾನವಾಗಿ ಸರಿಯುತ್ತಿತ್ತು. ಬಸವ್ವ ಮೊದಲ ಸಲ ಬಂದಾಗ ನಿಂತದ್ದು ಅಲ್ಲೇ. ಆ ದಿನವನ್ನು ನೆನೆಯುವಾಗಲೆಲ್ಲ ಅವಳು ಆ ಕೆಂಪಿನ ಅಂಚಿನವರೆಗೆ ಬಂದು ತಟಕ್ಕನೆ ಹಿಂದೆ ಸರಿಯುತ್ತಿದ್ದಳು. ಜಯಂತ ಕಾರು ನಿಲ್ಲಿಸಲು ಹೋಗಿದ್ದ, ತಾನು ಗಾಜು ನೋಡುತ್ತಿದ್ದೆ, ಆಮೇಲೆ ಚಹಾ ಕುಡಿದೆವು. ನಡುವೆ ಇನ್ನೇನೂ ಇಲ್ಲ. ಹಾಗೆಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಳು.

"ಬಂದೇನ, ಸಿಂಧೂ" ಎಂದರು ಗೌರಾಬಾಯಿ. ಇಳಕಲ್ ಸೀರೆಯ ಸೆರಗು ತಲೆಯ ಮೇಲಿತ್ತು. ಜಯಂತನ ಗಲ್ಲ ಸವರಿದರು, ಅಯ್ಯನವರಿಗೆ ಶರಣು ಅಂದರು, ಆಮೇಲೆ ಬಸವ್ವನ ಕೂದಲನ್ನು ಬೆರಳಿನ ನಡುವೆ ಹಿಡಿದು, "ಹುಲ್ಲ ಆಗೈತಿ ನೋಡು. ಈ ಗಾಳ್ಯಾಗ ಕಾರಿನ ಕಿಡಕಿ ತಗೀಬ್ಯಾಡ ಅಂತ ಎಷ್ಟ ಸಲ ಹೇಳಲಿ. ಹಿತ್ತಲಕ್ಕ ನಡಿ, ಎಣ್ಣಿ ಹಚ್ಚತೀನಿ" ಎಂದರು. ಜಯಂತ ಅವಳ ಕಡೆ ನೋಡಿದ. ನಕ್ಕು ಸುಮ್ಮನಾಗು ಎನ್ನುವ ಹಳೆಯ ನೋಟವಲ್ಲ ಅದು. ಇನ್ನು ಸ್ವಲ್ಪ ಹೊತ್ತು, ಆಮೇಲೆ ಮುಗಿಯಿತು ಎನ್ನುವಂಥದ್ದು. ಅವಳು ಕಣ್ಣು ತಪ್ಪಿಸಿ ಗೌರಾಬಾಯಿಯ ಹಿಂದೆ ಹೋದಳು.

ಹಿತ್ತಿಲ ಮೆಟ್ಟಿಲಿನ ಮೇಲೆ ಗೌರಾಬಾಯಿ, ಅವರ ಮೊಣಕಾಲಿನ ನಡುವೆ ಕೆಳಗಿನ ಮೆಟ್ಟಿಲಲ್ಲಿ ಅವಳು. ಬಿಸಿ ಮಾಡಿದ ಎಣ್ಣೆ ನೆತ್ತಿಯ ಮೇಲೆ ಬಿದ್ದು ಹರಿಯಿತು. ಆಶ್ರಮದಲ್ಲಿ ಶನಿವಾರ ಬೆಳಿಗ್ಗೆ ಹುಡುಗಿಯರೆಲ್ಲ ಕಲ್ಲಿನ ಮೆಟ್ಟಿಲ ಮೇಲೆ ಒಬ್ಬರ ಹಿಂದೆ ಒಬ್ಬರು ಕೂರುತ್ತಿದ್ದರು, ಪ್ರತಿಯೊಬ್ಬಳೂ ತನ್ನ ಮುಂದಿನವಳ ತಲೆ ಬಾಚಬೇಕು. ಎತ್ತರದ ಹುಡುಗಿಯೆಂದು ಬಸವ್ವನನ್ನು ಯಾವಾಗಲೂ ಎಲ್ಲರಿಗಿಂತ ಹಿಂದೆ, ಮೇಲಿನ ಮೆಟ್ಟಿಲಿಗೆ ಹಾಕುತ್ತಿದ್ದರು. ಅವಳ ಕೈ ಮುಂದಿನ ಹುಡುಗಿಯ ಕೂದಲಲ್ಲಿರುತ್ತಿತ್ತು, ಬೆನ್ನಿನ ಹಿಂದೆ ಗೋಡೆ ಮಾತ್ರ. ಎಲ್ಲ ಮುಗಿದ ಮೇಲೆ ತನ್ನ ತಲೆಯನ್ನು ತಾನೇ ಬಾಚಿಕೊಳ್ಳುತ್ತ, ಹಿಂದೆ ಇನ್ನೊಬ್ಬಳು ಕೂತಿದ್ದಾಳೆ, ಅವಳ ಉಸಿರು ತನ್ನ ಕತ್ತಿಗೆ ತಾಗುತ್ತಿದೆ ಎಂದು ಅಂದುಕೊಳ್ಳುತ್ತಿದ್ದಳು. ಒಮ್ಮೊಮ್ಮೆ ಅದು ಎಷ್ಟು ನಿಜವೆನಿಸುತ್ತಿತ್ತೆಂದರೆ ತಿರುಗಿ ನೋಡಲು ಹೆದರಿಕೆಯಾಗುತ್ತಿತ್ತು. ಈಗ ಕತ್ತಿಗೆ ತಾಗುತ್ತಿದ್ದ ಉಸಿರು ಗೌರಾಬಾಯಿಯದು, ಏಲಕ್ಕಿಯ ವಾಸನೆಯದು. ಆದರೂ ತಿರುಗಿ ನೋಡಲು ಅದೇ ಹೆದರಿಕೆ.

"ಇಲ್ಲೊಂದು ಗಾಯದ ಕಲಿ ಇತ್ತಲ್ಲ ನಿನಗ. ತೊಟ್ಟಿಲಿಂದ ಬಿದ್ದಿದ್ದಿ. ನಿಮ್ಮ ಮಾಮಾ ಓಡಿ ಬಂದು ಅರಿಶಿಣ ಒತ್ತಿದ್ದ" ಎಂದು ಗೌರಾಬಾಯಿ ಕಿವಿಯ ಹಿಂದೆ ಬೆರಳಿಟ್ಟರು. ಬೆರಳಿಟ್ಟ ಜಾಗ ಸಣ್ಣಗೆ ಉರಿಯಿತು. ಮನೆಗೆ ಹೋಗಿ ಕನ್ನಡಿಯಲ್ಲಿ ನೋಡಬೇಕು ಎಂದುಕೊಂಡಳು, ಆಮೇಲೆ ನೋಡಬಾರದು ಎಂದುಕೊಂಡಳು. ಎರಡು ವರ್ಷದಿಂದ ಹೀಗೆಯೇ ಒಂದೊಂದಾಗಿ ಅವಳಿಗೆ ಬಾಲ್ಯ ಬರುತ್ತಿತ್ತು. ಪೊವೇಯ ಆಫೀಸಿನಲ್ಲಿ, ಯಾರೋ ಸ್ಕ್ರೀನಿನ ಮೇಲೆ ಚಾರ್ಟ್ ತೋರಿಸುತ್ತಿರುವಾಗ, ವಾಡೆಯ ಹಿತ್ತಾಳೆ ಗುಬ್ಬಿಯ ತೂಗುಮಂಚ ಕಿರುಗುಡುತ್ತಿತ್ತು. ಕುದುರೆಯಿಲ್ಲದ ಲಾಯದಿಂದ ಹಳೆಯ ಹುಲ್ಲಿನ ವಾಸನೆ ಬರುತ್ತಿತ್ತು. ಅಷ್ಟರಮಟ್ಟಿಗೆ ಆಶ್ರಮದ ನೆನಪು ಮಾಸುತ್ತಿತ್ತು. ತನ್ನ ಮುಂದೆ ಕೂರುತ್ತಿದ್ದ ಹುಡುಗಿಯ ಹೆಸರು ಹೋದ ವಾರ ಎಷ್ಟು ನೆನೆದರೂ ಬಂದಿರಲಿಲ್ಲ. ಅವಳ ಕೂದಲು ಇನ್ನೂ ಬೆರಳಿನಲ್ಲಿತ್ತು, ಹೆಸರಿರಲಿಲ್ಲ. ಕದ್ದ ಹೊಸ ಬಟ್ಟೆ ತೊಟ್ಟುಕೊಳ್ಳಲು ತನ್ನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೊರಗೆ ಹಾಕುತ್ತಿದ್ದೇನೆ ಎಂದು ಅನಿಸಿ ಅಂದು ಊಟ ಸೇರಿರಲಿಲ್ಲ.

ಜಯಂತ ಬಂದು ಅಂಗಳದಲ್ಲಿ, ಅವರಿಬ್ಬರ ಎದುರು ನಿಂತ. ಗಾಳಿಗೆ ಅವನ ಅಂಗಿ ಮೈಗೆ ಅಂಟಿತ್ತು. ಅಡಿಗೆಮನೆಯ ಕಿಟಕಿಯಲ್ಲಿ ಅಯ್ಯನವರ ಮುಖ ಒಮ್ಮೆ ಕಂಡು ಸರಿಯಿತು.

"ಅತ್ತಿ, ನಿಮಗೊಂದ ಮಾತ ಹೇಳಬೇಕು."

"ಹೇಳಪಾ."

"ಇಕಿ ಸಿಂಧೂ ಅಲ್ರಿ. ಸಿಂಧೂ ತೀರಿಕೊಂಡು ಭಾಳ ವರ್ಷಾತು. ಇಕಿ ಹೆಸರು ಬಸವ್ವ. ಗದಗಿನ ಕಡೆ ಮಠದ ಆಶ್ರಮದಾಗ ಬೆಳದಾಕಿ. ತಂದಿ ತಾಯಿ ಯಾರಂತ ಆಕಿಗೂ ಗೊತ್ತಿಲ್ಲ. ನಾ ಮದುವಿ ಆಗಾಕತ್ತಿದ್ದು ಇಕೀನ."

ಬಾಚಣಿಗೆ ನಿಲ್ಲಲಿಲ್ಲ. ಬಸವ್ವ ಕಣ್ಣು ಮುಚ್ಚಿಕೊಂಡಳು. ಈಗ ಕೂಗು ಏಳುತ್ತದೆ, ಎಣ್ಣೆಯ ಬಟ್ಟಲು ಉರುಳುತ್ತದೆ ಎಂದು ಕಾದಳು.

"ಗೊತ್ತೈತಿ" ಎಂದರು ಗೌರಾಬಾಯಿ.

"ಏನ್ ಗೊತ್ತೈತ್ರಿ?"

"ಸಿಂಧೂ ನನ್ನ ತೊಡಿ ಮ್ಯಾಲೆ ಜೀವಾ ಬಿಟ್ಟಳು, ಜಯಾ. ಆಕಿ ಕಾಲು ಮೊದಲ ತಣ್ಣಗಾದ್ವು. ನಾ ತಿಕ್ಕಿಕೋತ ಕುಂತಿದ್ದೆ. ನಿನಗಿಂತ ನನಗ ಚಂದಾಗಿ ಗೊತ್ತೈತಿ. ನನ್ನ ತಲಿ ಕೆಟ್ಟಿಲ್ಲ."

ಜಯಂತ ಒಂದು ಹೆಜ್ಜೆ ಮುಂದೆ ಬಂದ. "ಮತ್ತ ಯಾಕ್ರಿ, ಅತ್ತಿ..."

"ಆವತ್ತ ನೀ ಕಾರ ಪಾರ್ಕ್ ಮಾಡಾಕ ಹೋದಿ" ಎಂದರು. ಅವರ ದನಿಯಲ್ಲಿ ದೂರಿರಲಿಲ್ಲ. ಯಾರೋ ಕೇಳಿದ ದಾರಿ ತೋರಿಸುವವರ ಹಾಗೆ ಹೇಳುತ್ತಿದ್ದರು. "ಈ ಹುಡುಗಿ ಒಳಗ ಬಂದು ಆ ಕಡೆ ಮಾರಿ ಮಾಡಿ ಗಾಜ ನೋಡಾಕತ್ತಿದ್ಳು. ಮೈಮ್ಯಾಲೆ ಕೆಂಪ ಬೆಳಕ ಬಿದ್ದಿತ್ತು. ನಾ ಹಿಂದಿಂದ ನೋಡಿದೆ. ಬಾಯಿ ತಪ್ಪಿ ಸಿಂಧೂ ಅಂದೆ. ಒಂದ ಸಲ. ತಪ್ಪಾತು ಅನ್ನೂದರಾಗ ಇಕಿ ತಿರುಗಿದ್ಳು. ಯಾರನ್ನ ಕರದ್ರಿ ಅಂತ ಕೇಳಲಿಲ್ಲ. ನಾ ಅಲ್ರಿ ಅನ್ನಲಿಲ್ಲ. ಏನವ್ವಾ ಅಂದ್ಳು."

ಅಂಗಳದ ನಿಂಬೆಗಿಡ ಗಾಳಿಗೆ ಗೋಡೆಯನ್ನು ಕೆರೆಯುತ್ತಿತ್ತು.

"ಈ ಮನ್ಯಾಗ ನಾ ಎಷ್ಟ ವರ್ಷ ಕರದೀನಿ, ಜಯಾ. ನಿಮ್ಮ ಮಾಮಾ ದವಾಖಾನಿಗೆ ಹೋದ ಮ್ಯಾಲೆ ಒಂದೊಂದ ಖೋಲಿಗೆ ಹೋಗಿ ಕರೀತಿದ್ದೆ. ಯಾರೂ ತಿರುಗಿರಲಿಲ್ಲ. ತಿರುಗಿದಾಕೀನ ನಾ ಹೆಂಗ ಬಿಡಲಿ?"

ಜಯಂತ ಬಸವ್ವನ ಕಡೆ ನೋಡಿದ. "ಖರೇ ಏನು, ಬಸು?" ಎಂದ. ಅವನ ಕಣ್ಣಿನಲ್ಲಿ ಪಾರ್ಕಿಂಗ್ ಲಾಟಿನ ಮನುಷ್ಯನನ್ನು ಅವಳು ಹುಡುಕಿದಳು. ಇಬ್ಬರು ಅಪ್ಪಂದಿರನ್ನು ಕ್ಷಮಿಸಿದವನು ಅವನು. ಆದರೆ ಇಲ್ಲಿ ಅವನ ಮುಖದಲ್ಲಿ ಸಣ್ಣದೊಂದು ಭಯವಿತ್ತು, ತಾನು ಬಿಗಿಸಿದ ಅಡಿಪಾಯದ ಕೆಳಗೆ ಮಣ್ಣೇ ಇಲ್ಲವೆಂದು ಕಂಡವನ ಭಯ. ಅವಳು ಹೌದೆಂದು ತಲೆಯಾಡಿಸಿದಳು. ಎಣ್ಣೆಯ ಒಂದು ಎಳೆ ಹಣೆಯಿಂದ ಇಳಿದು ಕಣ್ಣಿಗೆ ಹೋಗಿ ಉರಿಯಿತು. ಅಂದು ಆ ಹೆಸರು ಬೆನ್ನಿಗೆ ಬಂದು ತಾಗಿದಾಗ, ಅದು ತನ್ನದಲ್ಲವೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಮೈ ತಿರುಗಿತ್ತು. ಅಂಥ ದನಿಯಲ್ಲಿ ಯಾರಾದರೂ ಕರೆದರೆ, ಯಾವ ಹೆಸರೇ ಆಗಿರಲಿ, ತಿರುಗುವುದಕ್ಕೆಂದೇ ಆ ಮೈ ಅಷ್ಟು ವರ್ಷ ಕಾದು ನಿಂತಿದ್ದ ಹಾಗೆ.

"ಈಗ ನೀನ ಹೇಳವ್ವ" ಎಂದರು ಗೌರಾಬಾಯಿ ಹಿಂದಿನಿಂದ. ಮೂರು ಎಳೆ ಮಾಡಿದ ಕೂದಲು ಅವರ ಕೈಯಲ್ಲೇ ಇತ್ತು, ಹೆಣಿಗೆ ಅರ್ಧಕ್ಕೆ ನಿಂತಿತ್ತು. "ಇನ್ನ ಮ್ಯಾಲೆ ನಿನ್ನ ಏನಂತ ಕರೀಲಿ?"

ಉತ್ತರ ಗಂಟಲಿನವರೆಗೆ ಬಂದಿತ್ತು. ಎರಡಕ್ಷರದ ಹೆಸರು, ಹೇಳಿದರೆ ಸಾಕು. ಬೆರಳು ಮತ್ತೆ ಓಡುತ್ತದೆ, ಹೆಣಿಗೆ ಮುಗಿಯುತ್ತದೆ, ತಾಯಿ ಇರುತ್ತಾಳೆ. ಎದುರಿಗೆ ಜಯಂತ ನಿಂತಿದ್ದ, ಅವನ ಕೈಗಳು ಏನು ಮಾಡಬೇಕೆಂದು ತಿಳಿಯದೆ ತೂಗುತ್ತಿದ್ದವು. ಸಿಂಧೂ ಎಂದರೂ ಅವನು ತನ್ನನ್ನು ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮರ್ಯಾದಸ್ಥ ಮನುಷ್ಯ. ಮದುವೆಯಾಗುತ್ತಾನೆ, ಚೆನ್ನಾಗಿ ನೋಡಿಕೊಳ್ಳುತ್ತಾನೆ, ಆದರೆ ಒಮ್ಮೊಮ್ಮೆ ಊಟದ ನಡುವೆ ತಲೆ ಎತ್ತಿ ಈಗ ನೋಡುತ್ತಿರುವ ಹಾಗೆ ನೋಡುತ್ತಾನೆ.

"ಬಸವ್ವ ಅನ್ರಿ" ಎಂದಳು.

ಅಂದ ಮೇಲೆಯೇ ಅವಳಿಗೆ ಆ 'ರಿ' ಕೇಳಿಸಿತು. ಎರಡು ವರ್ಷ ಈ ಮೆಟ್ಟಿಲಿನ ಮೇಲೆ ಅವಳ ಬಾಯಲ್ಲಿ ಅದು ಬಂದಿರಲಿಲ್ಲ.

ಗೌರಾಬಾಯಿ ಹೆಣಿಗೆಯನ್ನು ಅರ್ಧಕ್ಕೆ ಬಿಡಲಿಲ್ಲ. ತುದಿಯವರೆಗೆ ಹೆಣೆದು, ರಿಬ್ಬನ್ ಕಟ್ಟಿ, ಅದು ಬಿಗಿಯಾಗಿದೆಯೇ ಎಂದು ಒಮ್ಮೆ ಎಳೆದು ನೋಡಿದರು. ಆಮೇಲೆ ಕೈಯನ್ನು ಟವೆಲಿಗೆ ಒರೆಸಿಕೊಂಡರು, ಬೆರಳು ಬೆರಳಿಗೆ ಬಿಡಿಸಿ.

"ಚಲೋ ಹೆಸರು" ಎಂದರು. "ಏಳ್ರಿ ಬಸವ್ವ. ಚಾ ತಣ್ಣಗಾಗತೈತಿ."

ಹಿಂದಿರುಗುವಾಗ ಜಯಂತ ಡ್ರೈವ್ ಮಾಡಿದ. ವೆಸ್ಟ್ ಕೊವಿನಾದಲ್ಲಿ ಅಯ್ಯನವರನ್ನು ಇಳಿಸಿದರು. "ನನಗ ಹೇಳಬಹುದಿತ್ತಲ್ಲ" ಎಂದ ಆಮೇಲೆ.

"ಏನಂತ ಹೇಳಲಿ? ಕದ್ದೀನಿ ಅಂತ?"

"ಯಾರದು ಕದ್ದಿ?"

"ಸತ್ತಾಕಿದು."

ಅವನು ಎಡಗೈಯಿಂದ ಸ್ಟೀರಿಂಗ್ ಹಿಡಿದು ಬಲಗೈ ಚಾಚಿ ಅವಳ ಕೈಯನ್ನು ಮುಚ್ಚಿಕೊಂಡ. ಅವನ ಕೈ ತಣ್ಣಗಿತ್ತು, ಆದರೆ ಬಿಡಲಿಲ್ಲ; ಪೊವೇ ಸಮೀಪದ ಎಸ್ಕಾಂಡಿಡೊ ಊರು ದಾಟುವವರೆಗೂ ಬಿಡಲಿಲ್ಲ. ಆ ಭಯ ಅವನ ಮುಖದಲ್ಲಿ ಅವಳಿಗೆ ಮತ್ತೆಂದೂ ಕಾಣಲಿಲ್ಲ. ಅವನು ಅವಳಿಂದ ಆಶ್ರಮದ ಕತೆಗಳನ್ನು ಕೇಳಿ ಹೇಳಿಸಿಕೊಂಡ; ಒಂದು ಸಂಜೆ ಆ ಮುಂದಿನ ಮೆಟ್ಟಿಲಿನ ಹುಡುಗಿಯ ಹೆಸರು, ಶಾಂತವ್ವ, ತಾನಾಗಿ ನಾಲಿಗೆಗೆ ಬಂದಾಗ ಅವಳಷ್ಟೇ ಅವನೂ ಸಂತೋಷಪಟ್ಟ. ಸ್ಯಾನ್ ಡಿಯೇಗೊದ ದೇವಸ್ಥಾನದ ಹಾಲ್‌ನಲ್ಲಿ ಮದುವೆಯಾಯಿತು. ಸಿದ್ದಲಿಂಗಯ್ಯನವರೇ ಶಾಸ್ತ್ರ ಮಾಡಿಸಿದರು. ಹೆಣ್ಣಿನ ಕಡೆಯ ಕುರ್ಚಿಗಳಲ್ಲಿ ಆಫೀಸಿನ ಗೆಳತಿಯರು ಬಂದು ಕೂತು, ಅಕ್ಷತೆಯನ್ನು ಯಾವಾಗ ಹಾಕಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಗೌರಾಬಾಯಿ ಗಂಡಿನ ಕಡೆ ಕೂತಿದ್ದರು. ವಾಡೆಯ ಹಳೆಯ ಸರವನ್ನು ತಾವೇ ಅವಳ ಕೊರಳಿಗೆ ಹಾಕಿದರು. ಹಾಕುವಾಗ ಬೆರಳು ಕತ್ತಿಗೆ ತಾಗದ ಹಾಗೆ ಎಷ್ಟು ಜಾಣತನದಿಂದ ಹಾಕಿದರೆಂದರೆ ಅವಳಿಗಲ್ಲದೆ ಬೇರೆ ಯಾರಿಗೂ ಅದು ತಿಳಿಯುವಂತಿರಲಿಲ್ಲ.

ಆಮೇಲೂ ವಾರದ ಕೊನೆಗೆ ಲಾಸ್ ಏಂಜಲೀಸಿಗೆ ಹೋಗುತ್ತಿದ್ದರು. ಗೌರಾಬಾಯಿ ಅವಳನ್ನು 'ಬರ್ರಿ, ಕೂಡ್ರಿ' ಎನ್ನುತ್ತಿದ್ದರು, ಬಂಗಾರದ ಅಂಚಿನ ಕಪ್ಪಿನಲ್ಲಿ ಚಹಾ ಕೊಡುತ್ತಿದ್ದರು, ಆಫೀಸಿನ ಕೆಲಸ ಹೇಗಿದೆ ಎಂದು ಕೇಳುತ್ತಿದ್ದರು. ಒಂದು ಮಾತಿನಲ್ಲೂ ಕೊರತೆಯಿರಲಿಲ್ಲ. ಸೊಸೆಯನ್ನು ಇಷ್ಟು ಗೌರವದಿಂದ ಕಾಣುವವರನ್ನು ತಾನು ನೋಡಿಲ್ಲವೆಂದು ಅಯ್ಯನವರು ಹೇಳುತ್ತಿದ್ದರು. ಅವಳು ಹೌದೆನ್ನುತ್ತಿದ್ದಳು. ಹಗೇವು, ತೂಗುಮಂಚ, ಲಾಯ ಯಾವುವೂ ಅವಳಿಗೆ ಈಗ ನೆನಪಾಗುತ್ತಿರಲಿಲ್ಲ. ಪ್ರಯತ್ನಪಟ್ಟರೆ ಯಾರೋ ಹೇಳಿದ ಕತೆಯ ಹಾಗೆ ಮಾತುಗಳು ಮಾತ್ರ ಬರುತ್ತಿದ್ದವು.

ಮುಂದಿನ ವಸಂತದ ಒಂದು ಮಧ್ಯಾಹ್ನ, ಜಯಂತ ಮನೆಯ ಅಡಿಯಲ್ಲಿ ಬೋಲ್ಟುಗಳನ್ನು ನೋಡುತ್ತಿದ್ದ. ಊಟ ಮಾಡಿ ಮಲಗಿದ ಗೌರಾಬಾಯಿಗೆ ಎಳನೀರು ಬೇಕೇ ಎಂದು ಕೇಳಲು ಬಸವ್ವ ಮಹಡಿ ಹತ್ತಿದಳು. ಬಾಗಿಲು ಅರ್ಧ ತೆರೆದಿತ್ತು. ಬೀದಿಯಲ್ಲಿ ಪ್ರವಾಸಿಗಳು ನಗುತ್ತಿದ್ದುದು ಕೇಳಿಸುತ್ತ ಇತ್ತು. ಗೌರಾಬಾಯಿ ಬಾಗಿಲಿಗೆ ಬೆನ್ನು ಮಾಡಿ, ಅಗಲವಾದ ಮಂಚದ ತೀರಾ ಈಚೆಯ ಅಂಚಿನಲ್ಲಿ, ಇನ್ನೊಂದು ಗೇಣು ಸರಿದರೆ ಬೀಳುವ ಹಾಗೆ ಮಲಗಿದ್ದರು. ಗೋಡೆಯ ಕಡೆಯ ಜಾಗವನ್ನೆಲ್ಲ ಖಾಲಿ ಬಿಟ್ಟಿದ್ದರು, ಕೂಸು ಉರುಳಿ ಬೀಳಬಾರದೆಂದು ತಾಯಂದಿರು ಬಿಡುವ ಹಾಗೆ. ಬಲಗೈ ಮಾತ್ರ ಆಚೆ ಚಾಚಿ, ಹಾಸಿಗೆಯಿಂದ ಒಂದಿಷ್ಟು ಮೇಲೆ, ಏನನ್ನೋ ನಿಧಾನವಾಗಿ ತಟ್ಟುತ್ತಿತ್ತು. ತಟ್ಟಿದ ಸದ್ದು ಹಾಸಿಗೆಯದಲ್ಲ, ಸಣ್ಣದೊಂದು ಬೆನ್ನಿನದು. ಮಧ್ಯೆ ಮಧ್ಯೆ ಕೈ ತಡೆದು, ನಿದ್ದೆ ಬಂತೇ ಎಂದು ನೋಡಿದಂತೆ ತಲೆ ಸ್ವಲ್ಪ ಎತ್ತಿ, ಮತ್ತೆ ತಟ್ಟುತ್ತಿದ್ದರು.

ಹೆದರಿಕೆಯಾಗಬೇಕಿತ್ತು. ಬಸವ್ವ ಅದಕ್ಕಾಗಿ ಕಾದಳು, ಅದು ಬರಲಿಲ್ಲ. ಬಂದದ್ದು ಹೊಟ್ಟೆಕಿಚ್ಚು, ಕಣ್ಣಿಗೆ ಕತ್ತಲೆ ಬರುವಷ್ಟು. ಅವಳು ಸದ್ದಾಗದಂತೆ ಚೌಕಟ್ಟಿಗೆ ಒರಗಿ, ಗೋಡೆಯ ಕಡೆ ಮಲಗಿದ್ದವಳು ಎಚ್ಚರವಾಗಿ ಎದ್ದು ಹೋಗಲೆಂದು ಕಾಯುತ್ತ ನಿಂತಳು.